ದಿನಾರಿಗೆ ಸಾವಿರ ಫಿಲ್ಸ್: ಹಲವು ಕರೆನ್ಸಿಗಳ ಬೆಲೆ ಲೆಕ್ಕಕ್ಕೆ ಯಾವ ಲೈಬ್ರರಿ?

ಚಿಕ್ಕಮಗಳೂರಿನ ಒಂದು ಕಾಫಿಪುಡಿ ಅಂಗಡಿಗೆ ನಾನೇ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಕುವೈತಿನಿಂದ ಮೊದಲ ಆರ್ಡರ್ ಬಂತು. ಅರ್ಧ ಕೆಜಿಯ ನಾಲ್ಕು ಪೊಟ್ಟಣ, ಸಾಗಣೆ ಸೇರಿ 8.750 ದಿನಾರ್. ಪಾರ್ಸೆಲ್ ಹೊರಟು ಎರಡು ದಿನವಾದ ಮೇಲೆ ಅಂಗಡಿಯವರ ಫೋನು: 'ಇದರಲ್ಲಿ ಸಾಗಣೆ ಖರ್ಚೂ ಹುಟ್ಟಲಿಲ್ಲವಲ್ಲ ಮಾರಾಯ್ರೆ!' ಖಾತೆಗೆ ಬಂದಿದ್ದು 0.875 ದಿನಾರ್. ಸರಿಯಾಗಿ ಹತ್ತನೇ ಒಂದು ಭಾಗ.

ತಪ್ಪು ನನ್ನದೇ. ಪೇಮೆಂಟ್ ಗೇಟ್‌ವೇಗಳು, ಅಂದರೆ ಗಿರಾಕಿಯ ಕಾರ್ಡಿನಿಂದ ಹಣ ತಂದುಕೊಡುವ ಸೇವೆಗಳು, ಮೊತ್ತವನ್ನು ಚಿಲ್ಲರೆಯಲ್ಲಿ ಕೇಳುತ್ತವೆ: ರೂಪಾಯಿ ಅಲ್ಲ, ಪೈಸೆ, ಡಾಲರ್ ಅಲ್ಲ, ಸೆಂಟ್. ಹಾಗಾಗಿ ನಾನು 'ನೂರರಿಂದ ಗುಣಿಸಿ ಕಳಿಸು' ಎಂದು ಒಂದೇ ಸಾಲು ಬರೆದು ಕೈತೊಳೆದುಕೊಂಡಿದ್ದೆ. ಕುವೈತ್ ದಿನಾರಿಗೆ ಸಾವಿರ ಫಿಲ್ಸ್. ನಾನು ಕಳಿಸಿದ 875 ಅನ್ನು ಗೇಟ್‌ವೇ 875 ಫಿಲ್ಸ್ ಎಂದೇ ಓದಿತು, ಅದರದ್ದೇನೂ ತಪ್ಪಿಲ್ಲ. ಪರದೆಯ ಮೇಲೆ ಮಾತ್ರ 8.750 ಎಂದು ಚೊಕ್ಕವಾಗಿ ಕಾಣುತ್ತಿತ್ತು. ಏಕೆಂದರೆ ತೋರಿಸುವ ಕೆಲಸವನ್ನು ಬ್ರೌಸರಿನ ಇಂಟ್ಲ್ ಸೌಲಭ್ಯಕ್ಕೆ ವಹಿಸಿದ್ದೆ, ಅದಕ್ಕೆ ದಿನಾರಿನ ಮೂರು ದಶಮಾಂಶ ಗೊತ್ತಿತ್ತು. ನನ್ನ ಕೋಡಿಗೆ ಗೊತ್ತಿರಲಿಲ್ಲ. ಜಪಾನಿನಿಂದ ಆರ್ಡರ್ ಬಂದಿದ್ದರೆ ಕತೆ ತಿರುಗುಮುರುಗಾಗುತ್ತಿತ್ತು. ಯೆನ್‌ಗೆ ಚಿಲ್ಲರೆಯೇ ಇಲ್ಲ, 3,600 ಯೆನ್ ಕೊಡಬೇಕಾದವರ ಕಾರ್ಡಿಗೆ 3,60,000 ಯೆನ್ ಬೀಳುತ್ತಿತ್ತು.

ಆಮೇಲೆ ಹಣದ ಲೆಕ್ಕಕ್ಕೆಂದೇ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ಅಂದರೆ ಒಂದೊಂದೇ ಲೈಬ್ರರಿಯನ್ನು, ಇಳಿಸಿಕೊಂಡು ಪರೀಕ್ಷಿಸಲು ಕೂತೆ. ಈ ಬರಹ ಆ ಕೂತದ್ದರ ಫಲ.

ಎಲ್ಲರೂ ನೋಡುವುದು ಪರಿವರ್ತನೆ, ನೋಡಬೇಕಾದ್ದು ಚಿಲ್ಲರೆ

'ಕರೆನ್ಸಿ ಲೈಬ್ರರಿ' ಎಂದ ಕೂಡಲೇ ಜನ ಹುಡುಕುವುದು ಕನ್ವರ್ಟ್ ಎಂಬ ಫಂಕ್ಷನ್ನನ್ನು. ಅದರೊಳಗೆ ಇರುವುದು ಒಂದು ಗುಣಾಕಾರ. ಅದನ್ನು ನೀವೂ ಬರೆಯಬಹುದು, ನಿಮ್ಮ ಮಗಳೂ ಬರೆಯಬಹುದು. ಲೈಬ್ರರಿಯ ಯೋಗ್ಯತೆ ತಿಳಿಯುವುದು ಬೇರೆ ಕಡೆ: ಯಾವ ಕರೆನ್ಸಿಗೆ ಎಷ್ಟು ದಶಮಾಂಶ ಎಂಬುದು ಅದಕ್ಕೆ ತಾನಾಗಿ ಗೊತ್ತೇ? ರೂಪಾಯಿಗೆ ದಿನಾರ್ ಕೂಡಿಸಲು ಹೊರಟರೆ ಕೈ ಹಿಡಿಯುತ್ತದೆಯೇ? ಅರ್ಧ ಪೈಸೆ ಎದುರಾದಾಗ ನಿಮ್ಮನ್ನು ಕೇಳುತ್ತದೆಯೇ, ಅಥವಾ ತನಗೆ ತೋಚಿದಂತೆ ರೌಂಡ್ ಮಾಡಿ ಸುಮ್ಮನಾಗುತ್ತದೆಯೇ?

ದಶಮಾಂಶದ ಪಟ್ಟಿ ಇರುವುದು ಐಎಸ್‌ಒ 4217 ಎಂಬ ಮಾನಕದಲ್ಲಿ. ರೂಪಾಯಿ, ಡಾಲರ್, ಯೂರೋಗಳಿಗೆ ಎರಡು. ಯೆನ್, ಕೊರಿಯಾದ ವಾನ್, ವಿಯೆಟ್ನಾಂನ ಡಾಂಗ್‌ಗಳಿಗೆ ಸೊನ್ನೆ. ಕುವೈತ್, ಬಹ್ರೇನ್, ಒಮಾನ್, ಟ್ಯುನೀಷಿಯಾಗಳಿಗೆ ಮೂರು. ಮಂಗಳೂರು, ಉಡುಪಿ ಕಡೆಯಿಂದ ಸಾಮಾನು ಮಾರುವವರಿಗೆ ಗಲ್ಫ್ ಗಿರಾಕಿಗಳು ಹೊಸಬರಲ್ಲ, ಆದ್ದರಿಂದ ಈ 'ಮೂರು' ನಮಗೆ ಯಾವುದೋ ಮೂಲೆಯ ವಿಚಾರವೂ ಅಲ್ಲ.

ಅರ್ಧ ಪೈಸೆ ಎಲ್ಲಿಂದ ಬರುತ್ತದೆ ಅಂದಿರಾ? ದೂರ ಹೋಗಬೇಕಿಲ್ಲ. 349 ರೂಪಾಯಿಯ ಕಾಫಿಪುಡಿಗೆ 5% ಜಿಎಸ್‌ಟಿ ಅಂದರೆ 17.45. ಕರ್ನಾಟಕದೊಳಗೇ ಮಾರಿದರೆ ಅದು ಕೇಂದ್ರದ 2.5%, ರಾಜ್ಯದ 2.5% ಎಂದು ಎರಡಾಗುತ್ತದೆ, ತಲಾ 8.725. ಮೇಲಕ್ಕೆ ರೌಂಡ್ ಮಾಡಿದರೆ 8.73 ಮತ್ತು 8.73, ಕೂಡಿದರೆ 17.46. ಬ್ಯಾಂಕಿನವರ ಪದ್ಧತಿಯಂತೆ ಸಮಸಂಖ್ಯೆಯತ್ತ ರೌಂಡ್ ಮಾಡಿದರೆ 8.72 ಮತ್ತು 8.72, ಕೂಡಿದರೆ 17.44. ಎರಡು ದಾರಿಯಲ್ಲೂ 17.45 ಸಿಗುವುದಿಲ್ಲ! ಯಾವ ದಾರಿ ಎಂದು ಲೆಕ್ಕಪರಿಶೋಧಕರನ್ನು ಕೇಳಿ ತೀರ್ಮಾನಿಸಬೇಕಾದವರು ನೀವು. ಲೈಬ್ರರಿ ಕದ್ದು ತೀರ್ಮಾನಿಸಬಾರದು.

ಮಾಮೂಲಿ ಫ್ಲೋಟ್ (ಕಂಪ್ಯೂಟರ್ ದಶಮಾಂಶ ಸಂಖ್ಯೆಯನ್ನು ಇಟ್ಟುಕೊಳ್ಳುವ ಸಾಮಾನ್ಯ ರೂಪ) ಸಾಕಲ್ಲವೇ ಎನ್ನುವವರು ಬ್ರೌಸರಿನ ಕನ್ಸೋಲ್ ತೆರೆದು 8.725 ಅನ್ನು ಟುಫಿಕ್ಸ್ಡ್ ಎಂಬ ಫಂಕ್ಷನ್ನಿನಿಂದ ಎರಡು ದಶಮಾಂಶಕ್ಕೆ ಇಳಿಸಿ ನೋಡಿ. 8.72 ಬರುತ್ತದೆ. ಅದು ಬ್ಯಾಂಕಿನ ಪದ್ಧತಿ ಅನುಸರಿಸಿದ್ದರಿಂದಲ್ಲ, ದ್ವಿಮಾನದಲ್ಲಿ 8.725 ಅನ್ನು ಕರಾರುವಾಕ್ಕಾಗಿ ಬರೆಯಲು ಬರುವುದಿಲ್ಲ, ಒಳಗಿರುವ ಸಂಖ್ಯೆ ಕೂದಲೆಳೆಯಷ್ಟು ಕಮ್ಮಿ. ಇನ್ನೊಂದು ಬೆಲೆಗೆ ಕೂದಲೆಳೆಯಷ್ಟು ಜಾಸ್ತಿ ಇರುತ್ತದೆ. ಇದಕ್ಕೆ ನಿಯಮವೂ ಇಲ್ಲ, ನ್ಯಾಯವೂ ಇಲ್ಲ.

ಜಾವಾಸ್ಕ್ರಿಪ್ಟ್: ಕರೆನ್ಸಿ ಜೆಎಸ್ ಮತ್ತು ಡಿನೆರೋ

ಕರೆನ್ಸಿ ಜೆಎಸ್ ತೀರಾ ಪುಟ್ಟದು, ಒಂದು ಕಿಲೋಬೈಟ್ ಸುಮಾರು. ಹತ್ತು ನಿಮಿಷದಲ್ಲಿ ಕಲಿಯಬಹುದು. ಒಳಗೆ ಪೂರ್ಣಾಂಕದಲ್ಲೇ ಲೆಕ್ಕ ಮಾಡುವುದರಿಂದ 0.1ಕ್ಕೆ 0.2 ಕೂಡಿದರೆ 0.3 ಬರುತ್ತದೆ, ಬಾಲ ಬರುವುದಿಲ್ಲ. ಡಿಸ್ಟ್ರಿಬ್ಯೂಟ್ ಎಂಬ ಫಂಕ್ಷನ್ 100 ರೂಪಾಯಿಯ ರಿಯಾಯಿತಿಯನ್ನು ಮೂರು ಪೊಟ್ಟಣಗಳಿಗೆ 33.34, 33.33, 33.33 ಎಂದು ಒಂದು ಪೈಸೆ ಕಳೆಯದಂತೆ ಹಂಚುತ್ತದೆ. ನನಗೆ ಇಷ್ಟವಾದ ಇನ್ನೊಂದು ಅಂದರೆ ಯೂಸ್‌ವೇದಿಕ್ ಎಂಬ ಆಯ್ಕೆ. ಅದನ್ನು ಆನ್ ಮಾಡಿದರೆ ಅಲ್ಪವಿರಾಮಗಳು ಲಕ್ಷ, ಕೋಟಿಯ ಜಾಗದಲ್ಲಿ ಬೀಳುತ್ತವೆ: 1,47,000. ಹೆಸರು ಕೇಳಿ ಮೊದಲು ನಗು ಬಂತು. ವೇದಕ್ಕೂ ಅಲ್ಪವಿರಾಮಕ್ಕೂ ಎಲ್ಲಿಯ ನಂಟೋ.

ಆದರೆ ಹೆಸರಿನಲ್ಲಿ ಕರೆನ್ಸಿ ಇದ್ದರೂ ಈ ಲೈಬ್ರರಿಗೆ ಕರೆನ್ಸಿ ಎಂಬ ಕಲ್ಪನೆಯೇ ಇಲ್ಲ. ಅದು ಹಿಡಿದುಕೊಂಡಿರುವುದು ಬರೀ ಸಂಖ್ಯೆ. ನೀವು ಹೇಳದಿದ್ದರೆ ಎರಡೇ ದಶಮಾಂಶ. 349 ರೂಪಾಯಿಗೆ 8.75 ದಿನಾರ್ ಕೂಡಿಸಿ ಎಂದರೆ 357.75 ಎಂದು ನಗುನಗುತ್ತಾ ಕೊಡುತ್ತದೆ. ಒಂದೇ ಕರೆನ್ಸಿಯ ಬುಟ್ಟಿಗೆ, ಬಿಲ್ಲಿಂಗ್ ಪರದೆಗೆ ಇದಕ್ಕಿಂತ ಹಗುರವಾದದ್ದು ಬೇಕಿಲ್ಲ. ಎರಡನೇ ಕರೆನ್ಸಿ ಬಂದ ದಿನ ಇದನ್ನು ಬಿಡಬೇಕು.

ಡಿನೆರೋ ಗಂಭೀರವಾದ ಲೈಬ್ರರಿ, ಆದರೆ ಯಾವ ಆವೃತ್ತಿ ಎಂದು ಮೊದಲು ಕೇಳಿ. ಅಂತರ್ಜಾಲದಲ್ಲಿ ಸಿಗುವ ಹಳೆಯ ಪಾಠಗಳೆಲ್ಲ ಒಂದನೇ ಆವೃತ್ತಿಯವು. ಅದರಲ್ಲಿ ಕರೆನ್ಸಿಯ ಹೆಸರನ್ನೇನೋ ಕೊಡುತ್ತೀರಿ, ದಶಮಾಂಶ ಮಾತ್ರ ಪ್ರತ್ಯೇಕವಾಗಿ ಹೇಳಬೇಕು. ಹೇಳದಿದ್ದರೆ ದಿನಾರಿಗೂ ಎರಡು, ಯೆನ್‌ಗೂ ಎರಡು. ಅಂದರೆ ನನ್ನ ಕುವೈತ್ ತಪ್ಪನ್ನು ಲೈಬ್ರರಿ ಬಳಸಿಯೂ ಮಾಡಬಹುದಿತ್ತು! ಎರಡನೇ ಆವೃತ್ತಿಯಲ್ಲಿ ಇದು ಸರಿಯಾಗಿದೆ. ಕರೆನ್ಸಿ ಅಂದರೆ ಬರೀ ಹೆಸರಲ್ಲ, ಕೋಡ್, ಮೂಲ (ಚಿಲ್ಲರೆ ಎಷ್ಟರ ಲೆಕ್ಕದಲ್ಲಿ), ಘಾತ (ಎಷ್ಟು ದಶಮಾಂಶ) ಮೂರೂ ಸೇರಿದ ಒಂದು ವಸ್ತು. ಹತ್ತರ ಲೆಕ್ಕಕ್ಕೆ ಸಿಗದ ಮಡಗಾಸ್ಕರಿನ ಅರಿಯಾರಿಯನ್ನೂ (ಅದಕ್ಕೆ ಐದು ಚಿಲ್ಲರೆ) ಅದು ಸರಿಯಾಗಿ ಹಿಡಿಯುತ್ತದೆ. ಬೇರೆಬೇರೆ ಕರೆನ್ಸಿ ಕೂಡಿಸಲು ಹೋದರೆ ತಪ್ಪು ಎಂದು ನಿಲ್ಲಿಸುತ್ತದೆ.

ಎರಡನೇ ಆವೃತ್ತಿಯಲ್ಲಿ ನನ್ನ ಕಾಲಿಗೆ ಚುಚ್ಚಿದ ಮುಳ್ಳು ಎರಡು. ಗುಣಿಸಿದಂತೆಲ್ಲ ಅದು ರೌಂಡ್ ಮಾಡದೆ ದಶಮಾಂಶಗಳನ್ನು ಹೆಚ್ಚಿಸುತ್ತಾ ಹೋಗುತ್ತದೆ. ಇದು ಒಳ್ಳೆಯ ಗುಣವೇ. ಆದರೆ ಕೊನೆಗೆ ಎರಡು ದಶಮಾಂಶಕ್ಕೆ ಇಳಿಸುವಾಗ ಏನೂ ಹೇಳದಿದ್ದರೆ ಕೆಳಕ್ಕೆ ರೌಂಡ್ ಮಾಡುತ್ತದೆ. 8.725 ಅಷ್ಟೇ ಅಲ್ಲ, 8.729 ಕೂಡ 8.72 ಆಗುತ್ತದೆ. ಯಾವ ರೀತಿ ರೌಂಡ್ ಮಾಡಬೇಕೆಂದು ಪ್ರತಿ ಸಲ ಕೈಗೆ ಕೊಡಲೇಬೇಕು. ಇನ್ನೊಂದು, ಒಳಗಿನ ಸಂಖ್ಯೆ ಬಹಳ ಬೇಗ ಉಬ್ಬುತ್ತದೆ. 1,200 ಡಾಲರ್‌ನ ಬಿಲ್ಲನ್ನು ಆರು ದಶಮಾಂಶವಿರುವ ದರದಲ್ಲಿ ರೂಪಾಯಿಗೆ ತಂದು, ಅದನ್ನು ಮೂರು ದಶಮಾಂಶದ ತೆರಿಗೆ ಗುಣಕದಿಂದ ಗುಣಿಸಿದರೆ ಆಗಲೇ 10,000 ಲಕ್ಷ ಕೋಟಿಯ ಆಚೆಗಿನ ಪೂರ್ಣಾಂಕ. ಜಾವಾಸ್ಕ್ರಿಪ್ಟ್ ಭದ್ರವಾಗಿ ಎಣಿಸಬಲ್ಲ ಮಿತಿ 9007199254740991; ಅದು ದಾಟಿಹೋಯಿತು. ಸಗಟು ವ್ಯಾಪಾರಕ್ಕೆ ಡಿನೆರೋ ಬಳಸುವವರು ಮೊದಲ ದಿನದಿಂದಲೇ ಬಿಗ್‌ಇಂಟ್ (ಎಷ್ಟು ದೊಡ್ಡ ಪೂರ್ಣಾಂಕವನ್ನೂ ಹಿಡಿಯುವ ರೂಪ) ಬಳಸಿ.

ತೋರಿಸುವ ಕೆಲಸಕ್ಕೆ ಎರಡರಲ್ಲಿ ಯಾವುದೂ ಬೇಡ. ಇಂಟ್ಲ್ ಇದೆ, ಪುಕ್ಕಟೆ ಇದೆ, ಕನ್ನಡವೂ ಅದಕ್ಕೆ ಬರುತ್ತದೆ. ಕನ್ನಡ-ಭಾರತ ಎಂಬ ಲೊಕೇಲ್ (ಭಾಷೆ-ದೇಶದ ಗುರುತು) ಕೊಟ್ಟರೆ ₹349.00, ಅಂಕಿಯ ಪದ್ಧತಿ ಕನ್ನಡ ಎಂದೂ ಹೇಳಿದರೆ ₹೩೪೯.೦೦. ಚಂದ ಕಾಣುತ್ತದೆ. ಗಿರಾಕಿ ಮೊತ್ತವನ್ನು ಕಾಪಿ ಮಾಡಿ ಬ್ಯಾಂಕ್ ಆ್ಯಪಿಗೆ ಅಂಟಿಸುವ ಕಡೆ ಮಾತ್ರ ಬಳಸಬೇಡಿ.

ಪಿಎಚ್‌ಪಿ: ಇಲ್ಲಿ ಆಯ್ಕೆ ನಿಜಕ್ಕೂ ಕಷ್ಟ

ಮನಿ ಪಿಎಚ್‌ಪಿ ಹಳೆಯ ಹುಲಿ. ಮೊತ್ತವನ್ನು ಚಿಲ್ಲರೆಯ ಪೂರ್ಣಾಂಕವಾಗಿ ಮಾತ್ರ ತೆಗೆದುಕೊಳ್ಳುತ್ತದೆ. 349 ರೂಪಾಯಿ ಬೇಕಿದ್ದರೆ 34900 ಅನ್ನಬೇಕು. ಈ ಹಟ ಮೊದಮೊದಲು ಕಿರಿಕಿರಿ, ಆಮೇಲೆ ಇಷ್ಟವಾಗುತ್ತದೆ. ಗೇಟ್‌ವೇ ಕೇಳುವುದೂ ಅದನ್ನೇ, ಡೇಟಾಬೇಸಿಗೆ ಹೋಗುವುದೂ ಅದೇ. ಐಎಸ್‌ಒ ಪಟ್ಟಿ ಜೊತೆಗೇ ಬರುತ್ತದೆ. ಎರಡು ದಶಮಾಂಶದ ಕರೆನ್ಸಿಯಿಂದ ಮೂರರದ್ದಕ್ಕೆ ಪರಿವರ್ತಿಸುವಾಗ ವ್ಯತ್ಯಾಸವನ್ನು ತಾನೇ ನೋಡಿಕೊಳ್ಳುತ್ತದೆ. ಗುಣಿಸಿದರೆ ಹೇಳದೆಯೇ ಅರ್ಧವನ್ನು ಮೇಲಕ್ಕೆ ರೌಂಡ್ ಮಾಡುತ್ತದೆ. ಬಹಳ ಅಂಗಡಿಗಳಿಗೆ ಅದು ಸರಿಯೇ. ನನಗೆ ಆ 'ಹೇಳದೆಯೇ' ಎಂಬುದು ಹಿಡಿಸುವುದಿಲ್ಲ.

ಬ್ರಿಕ್ ಮನಿ ಹಾಗಲ್ಲ. 8.725 ರೂಪಾಯಿ ಎಂದು ಬರೆದುಕೊಟ್ಟರೆ ಎಕ್ಸೆಪ್ಷನ್ ಎಸೆಯುತ್ತದೆ, ಅಂದರೆ ಕೆಲಸ ನಿಲ್ಲಿಸಿ ತಕರಾರು ತೆಗೆಯುತ್ತದೆ, 'ರೌಂಡ್ ಮಾಡಬೇಕಾಗುತ್ತದೆ, ಹೇಗೆ ಅಂತ ನೀನು ಹೇಳಿಲ್ಲ' ಎಂದು. ಮೊದಲ ವಾರ ನನ್ನ ಪರದೆಯ ತುಂಬ ಇದೇ ಕೆಂಪು ಸಾಲು. ಹದಿಮೂರು ಕಡೆ ಬಂತು, ಹದಿಮೂರರಲ್ಲೂ ನಾನು ಹಿಂದೆ ಯೋಚಿಸದೆ ರೌಂಡ್ ಮಾಡಿದ್ದೆ. ಮನೆಗೆ ಬಂದ ಅತ್ತೆ ಕಪಾಟು ತೆಗೆದು ನೋಡಿದಂತಾಯಿತು.

ಅದರಲ್ಲಿ ಇನ್ನೆರಡು ವಿಶೇಷ. ರ‍್ಯಾಷನಲ್ ಮನಿ ಎಂಬ ರೂಪದಲ್ಲಿ ಮೊತ್ತವನ್ನು ಭಿನ್ನರಾಶಿಯಾಗಿಯೇ ಇಟ್ಟುಕೊಳ್ಳುತ್ತದೆ; ಭಾಗಿಸಿ, ಗುಣಿಸಿ, ಎಲ್ಲ ಮುಗಿದ ಮೇಲೆ ಒಂದೇ ಸಲ ರೌಂಡ್ ಮಾಡಿದರೆ ಸಾಕು. ಮತ್ತೊಂದು, ಕ್ಯಾಶ್ ಕಾಂಟೆಕ್ಸ್ಟ್. ಸ್ವಿಟ್ಜರ್ಲೆಂಡಿನಲ್ಲಿ ನಗದು ಬಿಲ್ಲು ಐದು ಸೆಂಟಿಮ್‌ಗಳ ಹೆಜ್ಜೆಯಲ್ಲೇ ಇರಬೇಕು, ಏಕೆಂದರೆ ಅದಕ್ಕಿಂತ ಚಿಕ್ಕ ನಾಣ್ಯವಿಲ್ಲ. ಅಂಥ ಹೆಜ್ಜೆಯನ್ನು ಮೊತ್ತಕ್ಕೇ ಕಟ್ಟಿಬಿಡಬಹುದು. ನನಗೆ ಇದು ಉಪಯೋಗಕ್ಕೆ ಬಂದದ್ದು ಮತ್ತೆ ಕುವೈತಿಗೆ. ಸ್ಟ್ರೈಪ್‌ನಂಥ ಗೇಟ್‌ವೇಗಳು ಮೂರು ದಶಮಾಂಶದ ಕರೆನ್ಸಿಯಲ್ಲಿ ಕೊನೆಯ ಅಂಕಿ ಸೊನ್ನೆಯೇ ಇರಬೇಕು ಎನ್ನುತ್ತವೆ: 5.124 ದಿನಾರ್ ನಡೆಯುವುದಿಲ್ಲ, 5.120 ಅಥವಾ 5.130 ಆಗಬೇಕು. ಹೆಜ್ಜೆ 10 ಎಂದು ಕೊಟ್ಟೆ, ಮುಗಿಯಿತು.

ಬ್ರಿಕ್‌ನ ಮೇಲೆ ದೂರು ಇಷ್ಟೇ: ವರ್ಷಗಟ್ಟಲೆ 0.x ಆವೃತ್ತಿಯಲ್ಲೇ, ಅಂದರೆ ಇನ್ನೂ ಬದಲಾಗಬಹುದು ಎಂಬ ಹಂತದಲ್ಲೇ, ಸಾಗಿದ ಲೈಬ್ರರಿ ಅದು. ಅಪ್‌ಡೇಟ್ ಮಾಡುವ ಮುನ್ನ ಬದಲಾವಣೆಗಳ ಪಟ್ಟಿ ಓದಲೇಬೇಕು. ತಂಡದಲ್ಲಿ ಓದುವವರಿಲ್ಲ ಎಂದರೆ ಮನಿ ಪಿಎಚ್‌ಪಿಯೇ ಕ್ಷೇಮ.

ಪೈಥಾನ್, ಜಾವಾ, ಉಳಿದವು

ಪೈಥಾನಿನವರ ಅದೃಷ್ಟ, ದಶಮಾಂಶವನ್ನು ಕರಾರುವಾಕ್ಕಾಗಿ ಇಡುವ 'ಡೆಸಿಮಲ್' ಆ ಭಾಷೆಯ ಜೊತೆಗೇ ಬರುತ್ತದೆ. ಅದು ಏನೂ ಹೇಳದಿದ್ದರೆ ಸಮಸಂಖ್ಯೆಯತ್ತ ರೌಂಡ್ ಮಾಡುತ್ತದೆ ಎಂಬುದು ನೆನಪಿರಲಿ. ಉದ್ಧರಣ ಚಿಹ್ನೆಯೊಳಗೆ ಸಂಖ್ಯೆ ಕೊಡಿ, ಬರಿದೇ ಕೊಟ್ಟರೆ ಫ್ಲೋಟಿನ ಕೊಳೆ ಒಳಗೆ ಬಂದುಬಿಡುತ್ತದೆ. ಅದರ ಮೇಲೆ ಕರೆನ್ಸಿಯ ಅಂಗಿ ತೊಡಿಸಿದ್ದು ಪೈ-ಮನೀಡ್. ಜಾಂಗೋ (ಪೈಥಾನಿನ ವೆಬ್ ಚೌಕಟ್ಟು) ಬಳಸುವವರಿಗೆ ಜಾಂಗೋ-ಮನಿ, ಅದು ಪ್ರತಿ ಬೆಲೆಗೆ ಮೊತ್ತಕ್ಕೊಂದು, ಕರೆನ್ಸಿಗೊಂದು ಎಂದು ಡೇಟಾಬೇಸಿನಲ್ಲಿ ಎರಡು ಕಾಲಂ ಮಾಡುತ್ತದೆ. ಅಲ್ಲಿ ಬಲೆ ಒಂದಿದೆ. ಉದಾಹರಣೆಗಳನ್ನು ನೋಡಿ ಎಲ್ಲರೂ ದಶಮಾಂಶ 2 ಎಂದು ಬರೆಯುತ್ತಾರೆ. ಆ ಕಾಲಂ ಎಲ್ಲ ಕರೆನ್ಸಿಗೂ ಒಂದೇ. ಮುಂದೊಂದು ದಿನ ಒಮಾನಿ ರಿಯಾಲ್ ಬಂದರೆ ಮೂರನೇ ಅಂಕಿಗೆ ಜಾಗವಿಲ್ಲ. ಮೊದಲೇ 3 ಕೊಡಿ, ನಷ್ಟವೇನಿಲ್ಲ.

ಜಾವಾದಲ್ಲಿ ಹಣಕ್ಕೆಂದೇ ಜೆಎಸ್‌ಆರ್ 354 ಎಂಬ ಮಾನಕವಿದೆ, 2015ರಲ್ಲಿ ಅಂತಿಮವಾಯಿತು, ಆದರೆ ಜಾವಾದ ಮೂಲ ಕಟ್ಟಾದ ಜೆಡಿಕೆಯೊಳಗೆ ಸೇರಲಿಲ್ಲ. ಅದರ ಅನುಷ್ಠಾನ ಮೊನೆಟಾ. ನಿಖರತೆಗೆ ಮನಿ, ವೇಗಕ್ಕೆ ಫಾಸ್ಟ್‌ಮನಿ. ಫಾಸ್ಟ್‌ಮನಿಗೆ ಐದು ದಶಮಾಂಶದ ಮಿತಿಯಿದೆ. ಯುರೋಪಿಯನ್ ಕೇಂದ್ರ ಬ್ಯಾಂಕ್ ಮತ್ತು ಐಎಂಎಫ್‌ನಿಂದ ದರಗಳನ್ನು ತಾನೇ ತರುತ್ತದೆ. ದೊಡ್ಡ ಕಂಪನಿಗೆ ಸರಿ, ಸಣ್ಣ ಕೆಲಸಕ್ಕೆ ಭಾರ. ಜೋಡಾ-ಮನಿ ದರ ತರುವ ಗೋಜಿಗೇ ಹೋಗುವುದಿಲ್ಲ, ಗುಣಿಸುವಾಗ ರೌಂಡಿಂಗ್ ಹೇಗೆಂದು ಕೇಳುತ್ತದೆ. ಜಾವಾದಲ್ಲಿ ನನ್ನ ಮತ ಅದಕ್ಕೇ. ರೂಬಿಯಲ್ಲಿ ಮನಿ ಜೆಮ್ ಬಿಟ್ಟು ಹುಡುಕಬೇಕಾಗಿಲ್ಲ. ಗೋ ಭಾಷೆಯ ಗೋ-ಮನಿಗೆ ಫ್ಲೋಟ್ ಕೊಟ್ಟರೆ ಹೆಚ್ಚುವರಿ ದಶಮಾಂಶವನ್ನು ಕತ್ತರಿಸಿ ಬಿಸಾಡುತ್ತದೆ. ದಾಖಲೆಯಲ್ಲಿ ಬರೆದಿದ್ದಾರೆ, ಓದದವರ ಹಣೆಬರಹ.

ದರ ತರುವುದು ಎಲ್ಲಿಂದ

ಬಹುತೇಕ ಉಚಿತ ದರಗಳ ಮೂಲ ಯುರೋಪಿಯನ್ ಕೇಂದ್ರ ಬ್ಯಾಂಕ್. ಕೆಲಸದ ದಿನಗಳಲ್ಲಿ ಮಧ್ಯ ಯುರೋಪಿನ ಸಂಜೆ ನಾಲ್ಕರ ಸುಮಾರಿಗೆ ಸುಮಾರು ಮೂವತ್ತು ಕರೆನ್ಸಿಗಳ ದರ ಪ್ರಕಟವಾಗುತ್ತದೆ. ಇದು ಮಾಹಿತಿಗಾಗಿ, ವ್ಯವಹಾರಕ್ಕಲ್ಲ ಎಂದು ಬ್ಯಾಂಕೇ ಹೇಳುತ್ತದೆ. ರೂಪಾಯಿ ಆ ಪಟ್ಟಿಯಲ್ಲಿದೆ. ಯುಎಇ ದಿರ್ಹಮ್ ಇಲ್ಲ, ಸೌದಿ ರಿಯಾಲ್ ಇಲ್ಲ, ಕುವೈತ್ ದಿನಾರ್ ಇಲ್ಲ. 'ಪರಿವರ್ತನೆ ಇದೆ' ಎಂಬ ಲೈಬ್ರರಿಯ ಜಾಹೀರಾತು ನಂಬಿ ಕೂತರೆ ದುಬೈ ಗಿರಾಕಿ ಬಂದಾಗ ಗೊತ್ತಾಗುವುದು ಇದು. ದಿರ್ಹಮ್‌ಗಾದರೆ ದಾರಿಯಿದೆ: 1997ರಿಂದ ಅದು ಡಾಲರಿಗೆ 3.6725ರಂತೆ ಕಟ್ಟಿಕೊಂಡಿದೆ, ಡಾಲರ್ ಮೂಲಕ ಲೆಕ್ಕ ಹಾಕಬಹುದು. ದಿನಾರಿಗೆ ಬೇರೆ ಮೂಲ ಬೇಕೇ ಬೇಕು. ಐಎಂಎಫ್ ಪಟ್ಟಿಯಲ್ಲಿ ಸಿಗುತ್ತದೆ.

ಪಟ್ಟಿಯಿಂದ ಕರೆನ್ಸಿಗಳು ಹೋಗುವುದೂ ಉಂಟು. 2023ರ ಜನವರಿ 1ರಂದು ಕ್ರೊಯೇಷಿಯಾ ಯೂರೋಗೆ ಬಂತು, ಎರಡೇ ವಾರದಲ್ಲಿ ಅಲ್ಲಿನ ಹಳೆಯ ಕರೆನ್ಸಿ ಕೂನಾ ಚಲಾವಣೆ ಬಿಟ್ಟಿತು. ಲೈಬ್ರರಿ ಹೊಸದಾಗಿ ಇಳಿಸಿದ ಮೇಲೂ 2022ರ ಕೂನಾ ಇನ್‌ವಾಯ್ಸ್ ತೆರೆಯಬೇಕಲ್ಲ? ಹಳೆಯ ಕರೆನ್ಸಿಯನ್ನು ಕೈಯಾರೆ ಸೇರಿಸಲು ಬಿಡದ ಲೈಬ್ರರಿಯನ್ನು ನಾನು ಅಲ್ಲಿಗೇ ಬದಿಗಿಡುತ್ತೇನೆ. ಹಾಗೆಯೇ ಪ್ರತಿ ಆರ್ಡರಿನ ಜೊತೆಗೆ ಆ ಕ್ಷಣದ ದರವನ್ನೂ ಬರೆದಿಡಿ. ತಿಂಗಳ ನಂತರ ವಾಪಸು ಕೊಡುವಾಗ ಹೊಸ ದರದಲ್ಲಿ ಕೊಟ್ಟರೆ ಒಬ್ಬರಿಗೆ ನಷ್ಟ. ವಾಪಸಿನಲ್ಲಿ ಇನ್ನೊಂದು ಕೀಟಲೆ: ಜಾವಾಸ್ಕ್ರಿಪ್ಟಿನ ಮ್ಯಾತ್ ರೌಂಡ್ 2.5 ಅನ್ನು 3 ಮಾಡುತ್ತದೆ, ಮೈನಸ್ 2.5 ಅನ್ನು ಮೈನಸ್ 2 ಮಾಡುತ್ತದೆ. ಹೋದ ಪೈಸೆಗೂ ಬಂದ ಪೈಸೆಗೂ ತಾಳೆಯಾಗುವುದಿಲ್ಲ.

ಮೊದಲು ಗುಣಿಸುವುದೋ, ಪರಿವರ್ತಿಸುವುದೋ

ಲೆಕ್ಕದ ಅನುಕೂಲಕ್ಕೆ ಡಾಲರಿಗೆ 88 ರೂಪಾಯಿ ಎಂದುಕೊಳ್ಳಿ. 349 ರೂಪಾಯಿಯ ಪೊಟ್ಟಣ 3.9659 ಡಾಲರ್, ರೌಂಡ್ ಮಾಡಿದರೆ 3.97. ಐವತ್ತು ಪೊಟ್ಟಣಕ್ಕೆ 198.50. ಅದೇ ಮೊದಲು ಐವತ್ತರಿಂದ ಗುಣಿಸಿ, 17,450 ರೂಪಾಯಿಯನ್ನು ಪರಿವರ್ತಿಸಿದರೆ 198.30. ಇಪ್ಪತ್ತು ಸೆಂಟ್ ವ್ಯತ್ಯಾಸ. ಎರಡೂ ತಪ್ಪಲ್ಲ. ಆದರೆ ಬಿಲ್ಲಿನಲ್ಲಿ ಒಂದಕ್ಕೆ 3.97 ಎಂದು ಬರೆದು, ಐವತ್ತಕ್ಕೆ 198.30 ಎಂದು ಬರೆದರೆ ಅಮೆರಿಕದ ಅಂಗಡಿಯವನು ಕ್ಯಾಲ್ಕುಲೇಟರ್ ಹಿಡಿದು ಪತ್ರ ಬರೆಯುತ್ತಾನೆ. ನಾನು ಗಿರಾಕಿ ಕಣ್ಣಿಗೆ ಕಾಣುವ ಬಿಡಿ ಬೆಲೆಯನ್ನೇ ಗಟ್ಟಿ ಮಾಡಿ, ಅಲ್ಲಿಂದ ಮುಂದೆ ಬರೀ ಗುಣಾಕಾರ ಮಾಡುತ್ತೇನೆ.

ಹೀಗೆ ಯೋಚಿಸುತ್ತ ಹೋದರೆ ಇನ್ನೊಂದು ಪ್ರಶ್ನೆ ಬರುತ್ತದೆ: ದರದ ಜೊತೆ ದಿನವೂ ಕುಣಿಯುವ ಬೆಲೆ ಗಿರಾಕಿಗೆ ಬೇಕೇ? ಸೋಮವಾರ 3.97, ಗುರುವಾರ 4.01 ಎಂದು ಕಂಡರೆ ಅಂಗಡಿಯ ಮೇಲೆ ನಂಬಿಕೆ ಉಳಿಯುವುದಿಲ್ಲ. ಐದಾರು ದೇಶಗಳಿಗೆ ನೂರು ಬಗೆಯ ಸಾಮಾನು ಮಾರುವವರಾದರೆ ಪ್ರತಿ ಕರೆನ್ಸಿಗೂ ಕೈಯಲ್ಲೇ ಬೆಲೆಪಟ್ಟಿ ಬರೆದುಬಿಡಿ. ಲೈಬ್ರರಿಯ ಪರಿವರ್ತನೆ ಆ ಪಟ್ಟಿಯನ್ನು ತಿಂಗಳಿಗೊಮ್ಮೆ ತಿದ್ದಲು ಸಾಕು. ಸಾವಿರಾರು ಸಾಮಾನು, ಕಿರಿದಾದ ಲಾಭ ಇದ್ದವರಿಗೆ ಮಾತ್ರ ನೇರ ದರ.

ಚಿಕ್ಕಮಗಳೂರಿನ ಅಂಗಡಿ ಈಗ ಹಾಗೆಯೇ ನಡೆಯುತ್ತಿದೆ. ಸರ್ವರಿನಲ್ಲಿ ಬ್ರಿಕ್ ಮನಿ, ಪರದೆಯಲ್ಲಿ ಇಂಟ್ಲ್, ಆರು ಕರೆನ್ಸಿಗಳಿಗೆ ಕೈಬರಹದ ಬೆಲೆಪಟ್ಟಿ. ಕುವೈತಿಗೆ ಪೊಟ್ಟಣವೊಂದಕ್ಕೆ 1.250 ದಿನಾರ್, ಗೇಟ್‌ವೇಗೆ ಹೋಗುವುದು 1250. ಕೋಡ್ ಬದಲಾದಾಗೆಲ್ಲ ತಾನಾಗಿ ಓಡುವ ಪರೀಕ್ಷೆಗಳಲ್ಲಿ ಮೊದಲನೆಯದು ಇದೇ ಸಂಖ್ಯೆ, ಎರಡನೆಯದು ಯೆನ್. ಆ ಮೊದಲ ಗಿರಾಕಿಗೆ ವಿಷಯ ಹೇಳಿ ಕ್ಷಮೆ ಕೇಳಿ ಬರೆದಿದ್ದೆವು. ಬಾಕಿ 7.875 ದಿನಾರನ್ನು ಅವರೇ ಕಳಿಸಿದರು, ಜೊತೆಗೆ ಇನ್ನೆರಡು ಪೊಟ್ಟಣಕ್ಕೆ ಆರ್ಡರ್ ಹಾಕಿ, ಚಿಕೋರಿ ಸ್ವಲ್ಪ ಕಮ್ಮಿ ಇರಲಿ ಎಂದು ಬರೆದಿದ್ದರು.